ಮೊದಲು ಮಾವು, ಕೊನೆಗೆ ಎಕ್ಸ್

(1/10)
ಒಂದು ಲೆಕ್ಕ ಕೊಡ್ತೇನೆ. ಪೆನ್ನು ಬೇಡ, ಫೋನಿನ ಕ್ಯಾಲ್ಕುಲೇಟರೂ ಬೇಡ.

ಒಂದು ರಾಶಿ ಮಾವಿನಹಣ್ಣು ಉಂಟು. ರಾಜ ಅದರಲ್ಲಿ ಆರನೇ ಒಂದು ಪಾಲು ತಗೊಂಡ. ಉಳಿದದ್ದರಲ್ಲಿ ಐದನೇ ಒಂದು ಪಾಲು ರಾಣಿಗೆ. ಮತ್ತೆ ಉಳಿದದ್ದರಲ್ಲಿ ನಾಲ್ಕನೇ ಒಂದು ಪಾಲು ಮೊದಲ ರಾಜಕುಮಾರನಿಗೆ. ಅವನು ಬಿಟ್ಟದ್ದರಲ್ಲಿ ಮೂರನೇ ಒಂದು ಪಾಲು ಎರಡನೆಯವನಿಗೆ. ಅವನು ಬಿಟ್ಟದ್ದರಲ್ಲಿ ಅರ್ಧ ಮೂರನೆಯವನಿಗೆ. ಕಡೆಗೆ ಬುಟ್ಟಿಯಲ್ಲಿ ಉಳಿದ 3 ಹಣ್ಣು ಎಲ್ಲರಿಗಿಂತ ಚಿಕ್ಕ ಮಗುವಿಗೆ. ಹಾಗಾದ್ರೆ ಮೊದಲು ಎಷ್ಟು ಹಣ್ಣು ಇತ್ತು?

ಉತ್ತರ 4ನೇ ಭಾಗದಲ್ಲಿ ಉಂಟು. ಈಗಲೇ ಓಡಿ ಹೋಗಿ ನೋಡಬೇಡಿ ಮಾರಾಯ್ರೆ, ಕಮೆಂಟಲ್ಲಿ ಹೇಳಿ.

ಈ ಲೆಕ್ಕಕ್ಕೆ ಹೆಚ್ಚುಕಡಿಮೆ 1,170 ವರ್ಷ ಆಯ್ತು. ಬರೆದವರು ನಮ್ಮ ಕನ್ನಡ ನಾಡಿನ ರಾಜನ ಕಾಲದವರು. ಇದು ಇರುವ ಪುಸ್ತಕದ ಒಂದು ತಾಳೆಗರಿ ಪ್ರತಿ ಸಿಕ್ಕಿದ್ದು ಸ್ಟೇಟ್ ಬ್ಯಾಂಕಿನಲ್ಲಿ ಬಸ್ ಹತ್ತಿದ್ರೆ ಗುರುಪುರ, ಕೈಕಂಬ ದಾಟಿ ಸುಮಾರು 35 ಕಿಲೋಮೀಟರಿನಲ್ಲಿ ಸಿಗುವ ಊರಲ್ಲಿ. ಹೌದು, ಮೂಡುಬಿದಿರೆಯಲ್ಲಿ.

ಏಳನೇ ಕ್ಲಾಸಲ್ಲಿ 'ಸರಳ ಸಮೀಕರಣ' ಅಂತ ಒಂದು ಪಾಠ ಬರ್ತದಲ್ಲ, ಈ ಸರಣಿ ಅದರ ಚರಿತ್ರೆ. ಎಷ್ಟೋ ಮಕ್ಕಳಿಗೆ ಲೆಕ್ಕ ಅಲ್ಲಿಗೇ ನಿಂತು ಹೋಗ್ತದೆ. ಐದನೇ ಕ್ಲಾಸಿನವರೆಗೆ ಕೂಡು, ಕಳೆ, ಗುಣಿಸು ಎಲ್ಲಾ ಸರಿ ಮಾಡಿದವರು ಎಕ್ಸ್ ಬಂದ ಕೂಡಲೇ "ನಂಗೆ ಲೆಕ್ಕ ಆಗುದಿಲ್ಲ" ಹೇಳ್ತಾರೆ. ಆ ಮಾತು ಒಂದು ಸಲ ಬಾಯಿಗೆ ಬಂತೋ, ಪಿಯುಸಿಯಲ್ಲಿ ಯಾವ ವಿಷಯ ತಗೊಳ್ಳುದು ಅಂತ ನಿರ್ಧಾರ ಮಾಡುವವರೆಗೂ ಬಿಡುದಿಲ್ಲ.

ಎಕ್ಸ್ ಎಲ್ಲಿಂದ ಬಂತು, ಯಾವಾಗ ಬಂತು, ಅದು ಬರುವ ಮೊದಲು ಜನ ಎಂತ ಮಾಡ್ತಿದ್ರು? ನೋಡುವ.

(2/10)
ಲೆಕ್ಕ ಬರೆದವರ ಹೆಸರು ಮಹಾವೀರಾಚಾರ್ಯ. ತೀರ್ಥಂಕರ ಮಹಾವೀರ ಬೇರೆ, ಇವರು ಬೇರೆ. ಇವರು 9ನೇ ಶತಮಾನದ ಜೈನ ಗಣಿತಜ್ಞ. ಪುಸ್ತಕದ ಹೆಸರು 'ಗಣಿತಸಾರಸಂಗ್ರಹ', ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. 850.

ಪುಸ್ತಕದ ಆರಂಭದಲ್ಲಿ ಅವರು ಹೊಗಳುವ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಹೆಸರು ಎಲ್ಲೋ ಕೇಳಿದ ಹಾಗೆ ಆಗ್ತದಾ? 'ಕವಿರಾಜಮಾರ್ಗ' ಹುಟ್ಟಿದ್ದು ಇದೇ ರಾಜನ ಆಸ್ಥಾನದಲ್ಲಿ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅವನ ರಾಜಧಾನಿ ಮಾನ್ಯಖೇಟ, ಅಂದ್ರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ಹೊಳೆಯ ದಡದಲ್ಲಿ. ಕನ್ನಡದ ಕಾವ್ಯಶಾಸ್ತ್ರವೂ ಈ ಲೆಕ್ಕದ ಪುಸ್ತಕವೂ ಒಂದೇ ರಾಜನ ಕಾಲದ್ದು. ಮೊದಲನೆಯದನ್ನು ನಾವು ಕನ್ನಡ ಪಾಠದಲ್ಲಿ ಓದ್ತೇವೆ. ಎರಡನೆಯದರ ಹೆಸರು ಗಣಿತದ ಕ್ಲಾಸಲ್ಲಿ ಯಾರೂ ಎತ್ತುದಿಲ್ಲ.

ಆರ್ಯಭಟ, ಬ್ರಹ್ಮಗುಪ್ತ ಇವರೆಲ್ಲ ಗಣಿತವನ್ನು ಖಗೋಳ ಗ್ರಂಥದ ಒಳಗೆ ಒಂದೆರಡು ಅಧ್ಯಾಯ ಮಾಡಿ ಇಟ್ಟವರು. ಮಹಾವೀರಾಚಾರ್ಯರ ಪುಸ್ತಕ ಮೊದಲಿಂದ ಕೊನೆಯವರೆಗೆ ಬರೀ ಗಣಿತ. 9 ಅಧ್ಯಾಯ. ಅಳತೆಯ ಹೆಸರುಗಳು, ಕೂಡುವುದು ಕಳೆಯುವುದು, ಭಿನ್ನರಾಶಿ, ತ್ರೈರಾಶಿಕ, ಬಡ್ಡಿ ಲೆಕ್ಕ, ಜಾಗದ ವಿಸ್ತೀರ್ಣ, ಹೊಂಡ ತೋಡುವ ಲೆಕ್ಕ, ನೆರಳಿನ ಲೆಕ್ಕ, ಎಲ್ಲಾ ಉಂಟು. ಗಣಿತ ಎಲ್ಲೆಲ್ಲಿ ಬೇಕಾಗ್ತದೆ ಅಂತ ಆರಂಭದಲ್ಲೇ ಪಟ್ಟಿ ಮಾಡ್ತಾರೆ. ಸಂಗೀತ, ನಾಟಕ, ವೈದ್ಯ, ಕಟ್ಟಡ ಕಟ್ಟುವುದರ ಜೊತೆಗೆ ಅಡುಗೆಯೂ ಆ ಪಟ್ಟಿಯಲ್ಲಿ ಉಂಟು!

ನಮ್ಮ ಮಾವಿನಹಣ್ಣು ಬರುವುದು ನಾಲ್ಕನೇ ಅಧ್ಯಾಯದಲ್ಲಿ. ಅದರ ಹೆಸರು 'ಪ್ರಕೀರ್ಣಕ'. ಇಡೀ ಅಧ್ಯಾಯ ಒಂದೇ ಜಾತಿಯ ಪ್ರಶ್ನೆಗಳು: ಇಷ್ಟು ಪಾಲು ಹೋಯ್ತು, ಇಷ್ಟು ಉಳಿಯಿತು, ಒಟ್ಟು ಎಷ್ಟಿತ್ತು? ಇವತ್ತಿನ ಭಾಷೆಯಲ್ಲಿ ಎಲ್ಲವೂ ಸಮೀಕರಣ. ಆದ್ರೆ ಪ್ರಶ್ನೆಯಲ್ಲಿ ಎಕ್ಸ್ ಅಂತ ಒಂದು ಅಕ್ಷರ ಹುಡುಕಿದ್ರೂ ಸಿಗುದಿಲ್ಲ.

(3/10)
ಇವತ್ತಿನ ಫೋಟೊ: ಮೂಡುಬಿದಿರೆಯ ಸಾವಿರ ಕಂಬದ ಬಸದಿ. ನಮ್ಮಲ್ಲಿ ಹೆಚ್ಚಿನವರು ಪಿಕ್ನಿಕ್‌ಗೆ ಹೋಗಿ ಕಂಬದ ಎದುರು ಫೋಟೊ ತೆಗೆದು ಬಂದವರೇ. ಊರಿನ ನಿಜವಾದ ಆಸ್ತಿ ಕಂಬಕ್ಕಿಂತ ತೆಳ್ಳಗಿನದ್ದು, ತಾಳೆಗರಿ. 'ಧವಲಾ', 'ಜಯಧವಲಾ' ಇಂಥ ದೊಡ್ಡ ಜೈನ ಗ್ರಂಥಗಳು ಹಳಗನ್ನಡ ಲಿಪಿಯ ಗರಿಗಳಲ್ಲಿ ನೂರಾರು ವರ್ಷ ಉಳಿದದ್ದು ಇಲ್ಲೇ.

ಈಗ 20ನೇ ಶತಮಾನದ ಆರಂಭಕ್ಕೆ ಬನ್ನಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಅಲ್ಲಿನ ಶಿಕ್ಷಣ ಇಲಾಖೆಯ ಡೈರೆಕ್ಟರ್ ಜಿ.ಎಚ್. ಸ್ಟುವರ್ಟ್ ಒಂದು ಪ್ರಶ್ನೆ ಕೇಳಿದರು: ಭಾರತದ ಗಣಿತದ ಚರಿತ್ರೆಗೆ ಹೊಸ ಬೆಳಕು ಕೊಡುವ ಹಸ್ತಪ್ರತಿ ಯಾವುದಾದರೂ ನಿಮ್ಮ ಲೈಬ್ರರಿಯಲ್ಲಿ ಉಂಟಾ? ಕೇಳಿದ್ದು ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರೊಫೆಸರ್ ಎಂ. ರಂಗಾಚಾರ್ಯರ ಹತ್ರ. ಅವರಿಗೆ ಮದ್ರಾಸಲ್ಲಿ 'ಗಣಿತಸಾರಸಂಗ್ರಹ'ದ ಮೂರು ಪ್ರತಿ ಸಿಕ್ಕಿತು. ಮೂರೂ ಅರ್ಧಂಬರ್ಧ. ಹುಡುಕುತ್ತಾ ಹೋದಾಗ ಮೈಸೂರಿನ ಓರಿಯೆಂಟಲ್ ಲೈಬ್ರರಿಯಿಂದ ಒಂದು ಪೂರ್ತಿ ಪ್ರತಿ ಬಂತು. ಇನ್ನೊಂದು ಪೂರ್ತಿ ಪ್ರತಿ ಮೂಡುಬಿದಿರೆಯ ಜೈನ ಮಠದ ತಾಳೆಗರಿಯಿಂದ ಕಾಗದಕ್ಕೆ ನಕಲು ಮಾಡಿದ್ದು. ಎಲ್ಲಾ ಹೋಲಿಸಿ, ಇಂಗ್ಲಿಷ್ ಅನುವಾದ ಸೇರಿಸಿ 1912ರಲ್ಲಿ ಮದ್ರಾಸಿನಲ್ಲಿ ಪುಸ್ತಕ ಪ್ರಿಂಟ್ ಆಯ್ತು. ಅದಕ್ಕೆ ಪೀಠಿಕೆ ಬರೆದವರು ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್, ಲೆಕ್ಕದ ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜಿನ ಪ್ರೊಫೆಸರ್.

ನಂಗೆ ತುಂಬಾ ಇಷ್ಟ ಆದದ್ದು ಬೇರೆ ಒಂದು ಸಂಗತಿ. ಮೂಡುಬಿದಿರೆಯ ಪ್ರತಿಯಲ್ಲಿ ಶ್ಲೋಕ ಸಂಸ್ಕೃತದಲ್ಲಿ ಉಂಟು. ಲೆಕ್ಕದ ಅಂಕೆ ಎಂತ, ಉತ್ತರ ಎಷ್ಟು ಅನ್ನುವುದು ಕನ್ನಡದಲ್ಲಿ ಚಿಕ್ಕದಾಗಿ ಬರೆದುಂಟು. ಮೈಸೂರಿನ ಪ್ರತಿಯಲ್ಲಿ ವಲ್ಲಭ ಅನ್ನುವವರ ಕನ್ನಡ ಟೀಕೆಯೇ ಉಂಟು.

ಯಾರಿಗೆ ಬೇಕಿತ್ತು ಆ ಕನ್ನಡ ಸಾಲು? ಪಂಡಿತರಿಗೆ ಸಂಸ್ಕೃತ ಬರ್ತದೆ. ಉತ್ತರ ತಾಳೆ ನೋಡಬೇಕಾದವರು ಕಲಿಯುವವರು ಮತ್ತು ಕಲಿಸುವವರು. ಅಂದ್ರೆ ನಾವು ಪರೀಕ್ಷೆಗೆ ಮುಂಚೆ ಹುಡುಕುವ 'ಗೈಡ್' ಉಂಟಲ್ಲ, ಅದರ ಅಜ್ಜ ಇದು. ಆ ಸಾಲು ಬರೆದ ಮೇಷ್ಟ್ರ ಹೆಸರು ನಮಗೆ ಸಿಗುದಿಲ್ಲ, ಕೆಲಸ ಮಾತ್ರ ಸಿಕ್ಕಿದೆ.

12ನೇ ಶತಮಾನಕ್ಕೆ ಬರುವಾಗ ರಾಜಾದಿತ್ಯ ಅನ್ನುವ ಜೈನ ಕವಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅಂತ ಸೀದಾ ಕನ್ನಡದಲ್ಲೇ ಲೆಕ್ಕದ ಪುಸ್ತಕ ಬರೆದರು.

(4/10)
ಈಗ ಮಾವಿನಹಣ್ಣು. ಕಮೆಂಟಲ್ಲಿ ಉತ್ತರ ಹೇಳಿದವರು ಸರಿಯಾ ನೋಡಿಕೊಳ್ಳಿ.

ಇದನ್ನು ಎಕ್ಸ್ ಹಾಕಿ ಮಾಡಲಿಕ್ಕೆ ಹೋದ್ರೆ ಬ್ರ್ಯಾಕೆಟಿನ ಒಳಗೆ ಬ್ರ್ಯಾಕೆಟ್ ಬಂದು ತಲೆ ಕೆಡ್ತದೆ. ಹಿಂದಿನಿಂದ ಬನ್ನಿ.

ಚಿಕ್ಕ ಮಗುವಿಗೆ 3. ಅದಕ್ಕೆ ಮೊದಲು ಮೂರನೇ ರಾಜಕುಮಾರ ಅರ್ಧ ತಗೊಂಡಿದ್ದ. ಹಾಗಾದ್ರೆ ಅವನ ಎದುರು ಇದ್ದದ್ದು 6.
ಎರಡನೆಯವನು ಮೂರನೇ ಒಂದು ಪಾಲು ತೆಗೆದ ಮೇಲೆ ಉಳಿದದ್ದು ಆ 6. ಅಂದ್ರೆ 6 ಅನ್ನುವುದು ಮೂರರಲ್ಲಿ ಎರಡು ಪಾಲು. ಒಂದು ಪಾಲು 3, ಅವನ ಎದುರು ಇದ್ದದ್ದು 9.
ಮೊದಲನೆಯವನ ಎದುರು ಇದ್ದದ್ದು 12.
ರಾಣಿಯ ಎದುರು 15.
ರಾಜನ ಎದುರು 18.

ಉತ್ತರ 18. ಈಗ ಮುಂದಿನಿಂದ ತಾಳೆ ನೋಡಿ. ರಾಜನಿಗೆ 3, ರಾಣಿಗೆ 3, ಮೂರು ರಾಜಕುಮಾರರಿಗೂ 3, 3, 3. ಮಗುವಿಗೂ 3! ಆರನೇ ಒಂದು, ಐದನೇ ಒಂದು ಅಂತ ಕೇಳುವಾಗ ಯಾರಿಗೋ ಮೋಸ ಆಗ್ತಾ ಉಂಟು ಅಂತ ಕಾಣ್ತದೆ. ಕೊನೆಗೆ ನೋಡಿದ್ರೆ ಎಲ್ಲರಿಗೂ ಸಮಪಾಲು. ಬರೆದವರು ಎಂಥ ಮೇಷ್ಟ್ರಾಗಿರಬೇಕು ನೋಡಿ, ಉತ್ತರ ಸಿಕ್ಕಿದ ಮೇಲೆ ನಗು ಬರುವ ಹಾಗೆ ಲೆಕ್ಕ ಕಟ್ಟಿದ್ದಾರೆ.

ಹೀಗೆ ಹಿಂದಿನಿಂದ ಬರುವ ದಾರಿ ಇನ್ನೂ ಹಳೆಯದು. ಕ್ರಿ.ಶ. 499ರ 'ಆರ್ಯಭಟೀಯ'ದಲ್ಲಿ ಇದಕ್ಕೆ ಒಂದು ನಿಯಮವೇ ಉಂಟು. ತಿರುಗಿ ಬರುವಾಗ ಗುಣಿಸಿದ್ದು ಭಾಗಿಸುವುದಾಗ್ತದೆ, ಭಾಗಿಸಿದ್ದು ಗುಣಿಸುವುದಾಗ್ತದೆ, ಕೂಡಿದ್ದು ಕಳೆಯುವುದಾಗ್ತದೆ, ಕಳೆದದ್ದು ಕೂಡುವುದಾಗ್ತದೆ.

ಆರನೇ ಕ್ಲಾಸಿನ ಮಗುವಿಗೆ ಇದು ಹೊಸತಲ್ಲ. ಕಾಲಿಗೆ ಸಾಕ್ಸ್ ಹಾಕಿ ಆಮೇಲೆ ಶೂ ಹಾಕಿದವರು ತೆಗೆಯುವಾಗ ಮೊದಲು ಶೂ ತೆಗೀಬೇಕು. "ಒಂದು ಸಂಖ್ಯೆ ಮನಸ್ಸಲ್ಲಿ ಇಟ್ಕೊ, 3ರಿಂದ ಗುಣಿಸು, 4 ಕೂಡು. ಎಷ್ಟು ಬಂತು?" ಅಂತ ಕೇಳಿ. ಮಗು 19 ಹೇಳಿದ್ರೆ ನೀವು 5 ಅಂತ ಹೇಳಿ. ಹೇಗೆ ಗೊತ್ತಾಯ್ತು ಅಂತ ಅದು ಕೇಳ್ತದೆ. ಅಲ್ಲಿಂದ ಪಾಠ ಶುರು ಮಾಡಬಹುದು.

(5/10)
ಎರಡನೇ ಲೆಕ್ಕ, ಅದೇ ಅಧ್ಯಾಯದ್ದು. ಒಂದು ಕಂಬ. ಎಂಟನೇ ಒಂದು ಭಾಗ ನೆಲದ ಒಳಗೆ, ಮೂರನೇ ಒಂದು ಭಾಗ ನೀರಲ್ಲಿ, ನಾಲ್ಕನೇ ಒಂದು ಭಾಗ ಪಾಚಿಯಲ್ಲಿ. ಮೇಲೆ ಕಾಣುವುದು 7 ಹಸ್ತ. ಇಡೀ ಕಂಬ ಎಷ್ಟು ಉದ್ದ?

ಇಲ್ಲಿ ಹಿಂದಿನಿಂದ ಬರಲಿಕ್ಕೆ ಆಗುದಿಲ್ಲ. ಯಾಕಂದ್ರೆ ಎಲ್ಲಾ ಪಾಲೂ ಇಡೀ ಕಂಬದ್ದೇ, 'ಉಳಿದದ್ದರಲ್ಲಿ' ಅಂತ ಇಲ್ಲ.

ಒಂದು ದಾರಿ: ಸುಮ್ಮನೆ ಒಂದು ಅಂದಾಜು ಹಾಕುವುದು. ಕಂಬ 48 ಹಸ್ತ ಅಂತ ಇಟ್ಕೊಳ್ಳಿ. ನೆಲದಲ್ಲಿ 6, ನೀರಲ್ಲಿ 16, ಪಾಚಿಯಲ್ಲಿ 12. ಒಟ್ಟು 34. ಮೇಲೆ ಉಳಿದದ್ದು 14. ಆದ್ರೆ ನಮಗೆ ಕಾಣುವುದು 7, ಅದರ ಅರ್ಧ. ಹಾಗಾದ್ರೆ ಕಂಬವೂ 48ರ ಅರ್ಧ, 24 ಹಸ್ತ. ಮುಗೀತು!

ಈ ದಾರಿಗೆ 'ಇಷ್ಟಕರ್ಮ' ಅಂತ ಹೆಸರು. ಇಷ್ಟ ಬಂದ ಸಂಖ್ಯೆ ಹಿಡಿ, ಲೆಕ್ಕ ಮಾಡಿ ನೋಡು, ಎಷ್ಟು ಪಟ್ಟು ಹೆಚ್ಚು ಕಡಿಮೆ ಬಂತೋ ಅಷ್ಟು ಪಟ್ಟು ಸರಿ ಮಾಡು. ಎರಡನೇ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿ (1150) ಇದನ್ನು ಹೇಳಿಕೊಟ್ಟಿದ್ದಾರೆ. ಈಜಿಪ್ಟಿನವರು ಇದಕ್ಕಿಂತ ಸಾವಿರಾರು ವರ್ಷ ಮೊದಲೇ ಪಪೈರಸ್ ಮೇಲೆ ಇದೇ ರೀತಿ ಮಾಡಿದ್ದರು.

ಮಹಾವೀರಾಚಾರ್ಯರು ಕೊಡುವ ದಾರಿ ಇನ್ನೂ ಚುರುಕು. ಹೋದ ಪಾಲೆಲ್ಲ ಕೂಡಿದ್ರೆ 24ರಲ್ಲಿ 17. ಇಡೀ ಒಂದರಿಂದ ಅದನ್ನು ಕಳೆದ್ರೆ 24ರಲ್ಲಿ 7. ಕಾಣುವ 7ನ್ನು ಅದರಿಂದ ಭಾಗಿಸಿದ್ರೆ 24. ಕಾಣುವ ಭಾಗಕ್ಕೆ ಆ ಗಣಿತದಲ್ಲಿ 'ದೃಶ್ಯ' ಅಂತ ಹೆಸರು. ರವಿಚಂದ್ರನ್ ಸಿನಿಮಾ ಅಲ್ಲ, ಆದ್ರೆ ಕೆಲಸ ಒಂದೇ: ಕಾಣುವುದನ್ನು ಹಿಡ್ಕೊಂಡು ಅಡಗಿಸಿ ಇಟ್ಟದ್ದನ್ನು ಹುಡುಕುವುದು.

ಕ್ಲಾಸಲ್ಲಿ ಮಗು ಅಂದಾಜು ಹಾಕಿ ಉತ್ತರ ತಂದ್ರೆ "ಸ್ಟೆಪ್ಸ್ ಎಲ್ಲಿ?" ಅಂತ ಕೇಳಿ ಮಾರ್ಕ್ ಕಟ್ ಮಾಡುವವರು ಇದ್ದಾರೆ. ಅಂದಾಜು ಹಾಕಿ, ತಪ್ಪು ಎಷ್ಟು ಅಂತ ಅಳೆದು, ಸರಿ ಮಾಡುವುದು ಕಳ್ಳದಾರಿ ಅಲ್ಲ ಮಾರಾಯ್ರೆ. ಅದಕ್ಕೂ ಶಾಸ್ತ್ರದಲ್ಲಿ ಹೆಸರಿದೆ.

(6/10)
ಈಗ ತಕ್ಕಡಿಗೆ ಬರುವ. ಸಮೀಕರಣದ ಜೀವ ಇರುವುದು ಎಕ್ಸ್‌ನಲ್ಲಿ ಅಲ್ಲ, ನಡುವಿನ ಆ ಎರಡು ಗೆರೆಯಲ್ಲಿ.

ನಿಮ್ಮ ಮನೆಯಲ್ಲಿ ಆರೇಳನೇ ಕ್ಲಾಸಿನವರು ಇದ್ರೆ ಇದನ್ನು ಬರೆದು ಕೊಡಿ: 8 + 4 = __ + 5. ಖಾಲಿ ಜಾಗದಲ್ಲಿ 12 ಬರೆಯುವ ಮಕ್ಕಳು ಲೋಕದ ಎಲ್ಲಾ ಕಡೆ ಇದ್ದಾರೆ. ಯಾಕಂದ್ರೆ ಒಂದನೇ ಕ್ಲಾಸಿನಿಂದ ಆ ಗೆರೆ ಹೇಳ್ತಾ ಬಂದದ್ದು "ಇಲ್ಲಿ ಉತ್ತರ ಬರೆ" ಅಂತ. "ಎರಡೂ ಕಡೆ ಒಂದೇ ತೂಕ" ಅಂತ ಅದು ಹೇಳಿದ್ದೇ ಇಲ್ಲ. ಇದು ಸರಿ ಆಗದೆ ಸಮೀಕರಣಕ್ಕೆ ಕಾಲಿಟ್ರೆ ಮುಂದೆ ಎಲ್ಲಾ ಬಾಯಿಪಾಠ.

ಆರ್ಯಭಟರು ಇದನ್ನು ಹೇಗೆ ಹೇಳಿದ್ರು ಗೊತ್ತುಂಟಾ? ಇಬ್ಬರು ವ್ಯಕ್ತಿಗಳು. ಇಬ್ಬರ ಹತ್ರವೂ ಕೆಲವು 'ಗುಲಿಕೆ' ಉಂಟು, ಅಂದ್ರೆ ಬೆಲೆ ಗೊತ್ತಿಲ್ಲದ ವಸ್ತು. ಜೊತೆಗೆ ಸ್ವಲ್ಪ ನಗದು. ಇಬ್ಬರ ಸಂಪತ್ತು ಸಮ. ಒಂದು ಗುಲಿಕೆಗೆ ಎಷ್ಟು? ನಗದಿನ ವ್ಯತ್ಯಾಸವನ್ನು ಗುಲಿಕೆಯ ವ್ಯತ್ಯಾಸದಿಂದ ಭಾಗಿಸು ಅಂತ ನಿಯಮ.

ಮಂಗಳೂರಿಗೆ ತಂದ್ರೆ ಹೀಗೆ. ಹೋಟೆಲಲ್ಲಿ ನಮ್ಮ ಟೇಬಲಿನವರು 5 ಪ್ಲೇಟ್ ಗೋಳಿಬಜೆ ತಿಂದು 20 ರೂಪಾಯಿಯ ಚಾ ಕುಡಿದ್ರು. ಪಕ್ಕದ ಟೇಬಲಿನವರು 3 ಪ್ಲೇಟ್ ಗೋಳಿಬಜೆ ತಿಂದು 80 ರೂಪಾಯಿಯ ಜ್ಯೂಸ್ ಕುಡಿದ್ರು. ಬಿಲ್ ಎರಡೂ ಒಂದೇ. ಎರಡೂ ಕಡೆಯಿಂದ 3 ಪ್ಲೇಟ್ ತೆಗೀರಿ. ಎರಡೂ ಕಡೆಯಿಂದ 20 ರೂಪಾಯಿ ತೆಗೀರಿ. ಇಲ್ಲಿ 2 ಪ್ಲೇಟ್, ಅಲ್ಲಿ 60 ರೂಪಾಯಿ. ಪ್ಲೇಟಿಗೆ 30.

ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲಿ ಇದೇ ಆಟ ಕುದುರೆಯಲ್ಲಿ ಬರ್ತದೆ, ಒಂದು ಟ್ವಿಸ್ಟ್ ಜೊತೆಗೆ. ಒಬ್ಬನ ಹತ್ರ 6 ಕುದುರೆ ಮತ್ತು 300 ನಾಣ್ಯ. ಇನ್ನೊಬ್ಬನ ಹತ್ರ 10 ಕುದುರೆ, ಆದ್ರೆ 100 ಸಾಲ. ಇಬ್ಬರೂ ಸಮಾನ ಶ್ರೀಮಂತರು. ಕುದುರೆಗೆ ಎಷ್ಟು? ಎರಡನೆಯವನಿಗೆ 100 ಕೊಟ್ಟು ಸಾಲ ತೀರಿಸಿ. ತಕ್ಕಡಿ ವಾಲಬಾರದಲ್ಲ, ಹಾಗಾಗಿ ಮೊದಲನೆಯವನಿಗೂ 100 ಕೊಡಿ. ಈಗ 6 ಕುದುರೆ ಮತ್ತು 400 ಒಂದು ಕಡೆ, 10 ಕುದುರೆ ಇನ್ನೊಂದು ಕಡೆ. 4 ಕುದುರೆಗೆ 400. ಒಂದಕ್ಕೆ 100.

ಕಾಮರ್ಸಿನವರೇ, ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಪಾಸಿಟಿವ್ ಸಂಖ್ಯೆಗೆ 'ಧನ', ನೆಗೆಟಿವ್‌ಗೆ 'ಋಣ' ಅಂತ ಯಾಕೆ ಹೇಳ್ತೇವೆ? 628ರಲ್ಲಿ ಬ್ರಹ್ಮಗುಪ್ತರು ಇದೇ ಹೆಸರಲ್ಲಿ ನಿಯಮ ಬರೆದಿದ್ದರು. ಧನ ಅಂದ್ರೆ ದುಡ್ಡು, ಋಣ ಅಂದ್ರೆ ಸಾಲ. ನಮ್ಮ ಲೆಡ್ಜರಿನ ಮಾತು ಗಣಿತದ ಒಳಗೆ ಆಗಲೇ ಕೂತಿತ್ತು.

(7/10)
ಇವತ್ತು ರಾಜಕೀಯ. ಹೆದರಬೇಡಿ, ಲೆಕ್ಕದ ರಾಜಕೀಯ.

ಕನ್ನಡ ಮೀಡಿಯಮಿನವರಿಗೆ ನೆನಪುಂಟಾ, ಸಂಖ್ಯೆಯನ್ನು ಗೆರೆಯ ಈಚೆಯಿಂದ ಆಚೆಗೆ ಕಳಿಸುವುದಕ್ಕೆ ಎಂತ ಹೇಳ್ತಾರೆ ಅಂತ? ಪಕ್ಷಾಂತರ! ಪಕ್ಷ ಬದಲಾದ್ರೆ ಚಿಹ್ನೆ ಬದಲು. ಕರ್ನಾಟಕದಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ನಗಬೇಡಿ, ಶಬ್ದ ಹಳೆಯದೇ. ಸಮೀಕರಣದ ಎರಡು ಬದಿಗೆ ಭಾಸ್ಕರಾಚಾರ್ಯರೂ 'ಪಕ್ಷ' ಅಂತಲೇ ಹೇಳ್ತಾರೆ.

ನೆನಪಿಡಲಿಕ್ಕೆ ಇದಕ್ಕಿಂತ ಒಳ್ಳೆ ಸೂತ್ರ ಇಲ್ಲ, ಮಕ್ಕಳನ್ನು ದಾರಿ ತಪ್ಪಿಸಲಿಕ್ಕೂ ಇದಕ್ಕಿಂತ ಒಳ್ಳೆಯದು ಇಲ್ಲ. '3 ಪ್ಲೇಟಿಗೆ 12' ಅನ್ನುವುದನ್ನು 3ಎಕ್ಸ್ = 12 ಅಂತ ಬರೆದು ಕೊಡಿ. ಪಕ್ಷಾಂತರ ಮಾತ್ರ ಕಲಿತ ಮಗು 3ನ್ನು ಆಚೆಗೆ ಹಾರಿಸಿ, ಚಿಹ್ನೆ ಬದಲಿಸಿ, 12 – 3 = 9 ಅಂತ ಬರೆದು ಕೊಡ್ತದೆ. ಅದು ದಡ್ಡತನ ಅಲ್ಲ. ಹೇಳಿಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ ಪಾಪ! ಅಲ್ಲಿ 3 ಕೂಡಿಕೊಂಡು ಇರುವುದಾ, ಗುಣಿಸಿಕೊಂಡು ಇರುವುದಾ ಅಂತ ನೋಡಬೇಕು ಎಂದು ಯಾರೂ ಹೇಳಲಿಲ್ಲ.

ನಿಜವಾಗಿ ಯಾವ ಸಂಖ್ಯೆಯೂ ಹಾರುದಿಲ್ಲ. ಎರಡೂ ಕಡೆ ಒಂದೇ ಕೆಲಸ ಮಾಡ್ತೇವೆ, ಅಷ್ಟೇ. ಕುದುರೆಯವನ ಸಾಲ ತೀರಿಸಲಿಕ್ಕೆ ಇಬ್ಬರಿಗೂ 100 ಕೊಟ್ಟೆವಲ್ಲ, ಹಾಗೆ. ಈಚೆ ಇದ್ದ 'ಕಳೆ 100' ಕಾಣೆಯಾಗಿ ಆಚೆ 'ಕೂಡು 100' ಬಂದ ಹಾಗೆ ಕಾಣ್ತದೆ. ಪಕ್ಷಾಂತರ ಅನ್ನುವುದು ಆ ಕೆಲಸದ ಶಾರ್ಟ್‌ಕಟ್ ಹೆಸರು.

ಮಹಾವೀರಾಚಾರ್ಯರಿಗಿಂತ ಸ್ವಲ್ಪ ಮೊದಲು, ಸುಮಾರು 820ರಲ್ಲಿ, ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಪುಸ್ತಕ ಬರೆದರು. ಕಳೆದು ಹೋದ ಭಾಗವನ್ನು ಎರಡೂ ಕಡೆ ಕೂಡಿಸಿ ಸರಿ ಮಾಡುವುದಕ್ಕೆ ಅವರು ಇಟ್ಟ ಹೆಸರು 'ಅಲ್-ಜಬ್ರ್'. ಆಲ್ಜೀಬ್ರಾ ಶಬ್ದ ಬಂದದ್ದು ಅಲ್ಲಿಂದ. ಮುರಿದದ್ದನ್ನು ಕೂಡಿಸುವುದು ಅಂತ ಅದರ ಅರ್ಥ. ಹಳೆಯ ಸ್ಪೇನಿನಲ್ಲಿ 'ಅಲ್ಜೆಬ್ರಿಸ್ತಾ' ಅಂದ್ರೆ ಮೂಳೆ ಕೂಡಿಸುವವ! ಅವರ ಪುಸ್ತಕದಲ್ಲೂ ಎಕ್ಸ್ ಇಲ್ಲ. ಪೂರ್ತಿ ಮಾತಿನಲ್ಲೇ ಬರೆದದ್ದು.

(8/10)
ಹಾಗಾದ್ರೆ ಅಕ್ಷರ ಯಾವಾಗ ಬಂತು?

ನಮ್ಮಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಅವ್ಯಕ್ತ' ಅಂತ ಹೆಸರಿತ್ತು, ಕಾಣದೆ ಇರುವುದು. ಇನ್ನೊಂದು ಹೆಸರು 'ಯಾವತ್-ತಾವತ್', 'ಎಷ್ಟೋ ಅಷ್ಟು' ಅಂತ. ಎಷ್ಟು ಚಂದ ನೋಡಿ. "ಎಷ್ಟು ಅಂತ ಈಗ ಗೊತ್ತಿಲ್ಲ, ಎಷ್ಟಿದ್ರೂ ಅಷ್ಟೇ ಇರಲಿ, ಕೆಲಸ ಮುಂದುವರಿಸುವ" ಅನ್ನುವ ಧೈರ್ಯ ಆ ಹೆಸರಲ್ಲೇ ಉಂಟು.

ಪ್ರತಿಸಲ ಅಷ್ಟುದ್ದ ಬರೆಯುವುದು ಯಾರಿಗೆ ಬೇಕು? ಹಾಗಾಗಿ ಮೊದಲ ಅಕ್ಷರ ಮಾತ್ರ ಇಟ್ಕೊಂಡ್ರು: 'ಯಾ'. ಎರಡನೇ ಅವ್ಯಕ್ತ ಬಂದ್ರೆ ಬಣ್ಣದ ಹೆಸರು. ಕಾಲಕ, ಅಂದ್ರೆ ಕಪ್ಪು, ಅದಕ್ಕೆ 'ಕಾ'. ನೀಲಕಕ್ಕೆ 'ನೀ'. ಗೊತ್ತಿರುವ ಬಿಡಿ ಸಂಖ್ಯೆಗೆ 'ರೂಪ', ಚಿಕ್ಕದಾಗಿ 'ರೂ'. ನಮ್ಮ ಕುದುರೆಯ ಲೆಕ್ಕದ ಒಂದು ಬದಿ ಭಾಸ್ಕರಾಚಾರ್ಯರ ರೀತಿಯಲ್ಲಿ 'ಯಾ 6 ರೂ 300'. ಇನ್ನೊಂದು ಬದಿಯನ್ನು ಅದರ ಕೆಳಗೆ ಬರೆಯುವುದು, ಸಾಲದ ಅಂಕೆಯ ಮೇಲೆ ಒಂದು ಚುಕ್ಕೆ. ಅಂಗಡಿ ಚೀಟಿಯಲ್ಲಿ ನಾವು ಬರೆಯುವ ರೂಪಾಯಿಯ 'ರೂ.' ಹಾಗೆಯೇ ಕಾಣ್ತದಲ್ಲ?

ಸಮ ಅಂತ ತೋರಿಸುವ ಎರಡು ಗೆರೆ ಬಂದದ್ದು 1557ರಲ್ಲಿ, ರಾಬರ್ಟ್ ರೆಕಾರ್ಡ್ ಅನ್ನುವ ವೇಲ್ಸಿನ ವೈದ್ಯನ ಪುಸ್ತಕದಲ್ಲಿ. ಸಮಾನಾಂತರ ಇರುವ ಎರಡು ಗೆರೆಗಿಂತ ಸಮ ಆದದ್ದು ಬೇರೆ ಯಾವುದಿದೆ ಅಂತ ಅವನ ಕಾರಣ. ಗೊತ್ತಿಲ್ಲದ್ದಕ್ಕೆ ಎಕ್ಸ್, ವೈ, ಝಡ್ ಬಳಸುವ ಪದ್ಧತಿ ಬಂದದ್ದು 1637ರಲ್ಲಿ, ಫ್ರಾನ್ಸಿನ ದೆಕಾರ್ತನ 'ಜ್ಯಾಮಿತಿ' ಪುಸ್ತಕದಿಂದ.

ಈಗ ವರ್ಷ ಸಾಲಾಗಿ ಇಡಿ. ಹಿಂದಿನಿಂದ ಬರುವುದು ಮತ್ತು ಗುಲಿಕೆಯ ಸಮ, 499. ಧನ-ಋಣದ ನಿಯಮ, 628. ಮಾವು ಮತ್ತು ಕಂಬ, ಸುಮಾರು 850. ಕುದುರೆ ಮತ್ತು ಸಾಲ, 12ನೇ ಶತಮಾನ. ಸಮ ಚಿಹ್ನೆ, 1557. ಎಕ್ಸ್, 1637.

ಆರ್ಯಭಟರಿಂದ ಎಕ್ಸ್‌ವರೆಗೆ 1,138 ವರ್ಷ. ಲೋಕದ ಅತೀ ಬುದ್ಧಿವಂತರು ಕಥೆ, ಅಂದಾಜು, ತಕ್ಕಡಿ, ಸಾಲ ಎಲ್ಲಾ ದಾಟಿ ಕೊನೆಗೆ ಮುಟ್ಟಿದ ನಿಲ್ದಾಣ ಅದು. ನಾವು 12 ವರ್ಷದ ಮಗುವನ್ನು ಸೀದಾ ಅಲ್ಲಿ ಇಳಿಸಿ "ಯಾಕೆ ಅರ್ಥ ಆಗುದಿಲ್ಲ?" ಅಂತ ಕೇಳ್ತೇವೆ.

(9/10)
ಅಕ್ಷರ ಬೇಡ ಅಂತ ನಾನು ಹೇಳ್ತಾ ಇಲ್ಲ. ಅದು ಯಾಕೆ ಬೇಕು ಅಂತ ತೋರಿಸಲಿಕ್ಕೂ ಮಹಾವೀರಾಚಾರ್ಯರ ಹತ್ರ ಒಂದು ಲೆಕ್ಕ ಉಂಟು.

9 ಮಾದಲದ ಹಣ್ಣು, 7 ಬೇಲದ ಹಣ್ಣು ಸೇರಿ 107. 7 ಮಾದಲ, 9 ಬೇಲ ಸೇರಿ 101. ಒಂದೊಂದಕ್ಕೆ ಎಷ್ಟು?

ಹಿಂದಿನಿಂದ ಬರಲಿಕ್ಕೆ ಆಗುದಿಲ್ಲ, ಒಂದೇ ಅಂದಾಜಿನಲ್ಲೂ ಮುಗಿಯುದಿಲ್ಲ. ಎರಡೂ ಖರೀದಿ ಕೂಡಿ ನೋಡಿ. 16 ಮಾದಲ, 16 ಬೇಲ, 208. ಹಾಗಾದ್ರೆ ಒಂದು ಮಾದಲ ಮತ್ತು ಒಂದು ಬೇಲ ಸೇರಿ 13. ಈಗ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. 2 ಮಾದಲಕ್ಕೂ 2 ಬೇಲಕ್ಕೂ ಇರುವ ವ್ಯತ್ಯಾಸ 6. ಒಂದಕ್ಕೆ 3. ಎರಡರ ಮೊತ್ತ 13, ವ್ಯತ್ಯಾಸ 3. ಮಾದಲ 8, ಬೇಲ 5.

ಪುಸ್ತಕದ ನಿಯಮ ಇನ್ನೊಂದು ರೀತಿ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ ಗುಣಿಸು, 107 × 9 = 963. ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ, 101 × 7 = 707. ಕಳೆದ್ರೆ 256. ಅದನ್ನು 9ರ ವರ್ಗ ಮತ್ತು 7ರ ವರ್ಗದ ವ್ಯತ್ಯಾಸ 32ರಿಂದ ಭಾಗಿಸು. 8 ಬಂತು! ನಿಯಮ ಸರಿ. ಆದ್ರೆ ಯಾಕೆ ಸರಿ ಅಂತ ಬಾಯಲ್ಲಿ ಹೇಳಿ ನೋಡಿ, ನಾಲಿಗೆ ತೊಡರ್ತದೆ. 9ಎಕ್ಸ್ + 7ವೈ = 107 ಅಂತ ಎರಡು ಸಾಲು ಬರೆದ್ರೆ ಐದು ನಿಮಿಷದಲ್ಲಿ ಕಾಣ್ತದೆ. ಅಕ್ಷರದ ಬೆಲೆ ಇಲ್ಲಿ ಗೊತ್ತಾಗ್ತದೆ. ಮಾತು ಸಾಕಾಗದೆ ಹೋದಾಗ ಅದು ಕೈಗೆ ಸಿಗುವ ಹತಾರ.

ಇಲ್ಲೇ ಒಂದು ಎಚ್ಚರಿಕೆ, ತಮ್ಮ ತಂಗಿಯರಿಗೆ ಹೇಳಿಕೊಡುವವರಿಗೆ. 'ಮ ಅಂದ್ರೆ ಮಾದಲ' ಅಂತ ಹೇಳಬೇಡಿ. ಹಾಗೆ ಹೇಳಿದ್ರೆ '9ಮ' ಅನ್ನುವುದು ಒಂಬತ್ತು ಹಣ್ಣು ಅಂತ ಮಗುವಿನ ತಲೆಯಲ್ಲಿ ಕೂರ್ತದೆ. ಹಣ್ಣು ಹಣ್ಣು ಕೂಡಿ 107 ಹೇಗೆ ಬಂತು ಅಂತ ಅದಕ್ಕೆ ಗೊತ್ತಾಗುದಿಲ್ಲ. 'ಮ ಅಂದ್ರೆ ಒಂದು ಮಾದಲದ ಬೆಲೆ' ಅಂತ ಹೇಳಿ. ಅಕ್ಷರ ಯಾವತ್ತೂ ಒಂದು ಸಂಖ್ಯೆ. ಹಣ್ಣಲ್ಲ, ಕುದುರೆಯೂ ಅಲ್ಲ.

(10/10)
ಕೊನೆಯ ಭಾಗ.

ಈಗಿನ ಪಠ್ಯಪುಸ್ತಕವನ್ನು ಬೈಯುವ ಉದ್ದೇಶ ನಂಗೆ ಇಲ್ಲ. ಅದರಲ್ಲೂ ತಕ್ಕಡಿಯ ಚಿತ್ರ ಉಂಟು, ಸಂಖ್ಯೆ ಊಹಿಸುವ ಆಟ ಉಂಟು. ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಆ ಪುಟಗಳನ್ನು ದಾಟಿಸಿ "ಪಕ್ಷಾಂತರ ಮಾಡಿ, ಚಿಹ್ನೆ ಬದಲಿಸಿ" ಅನ್ನುವಲ್ಲಿಗೆ ಹಾರಿದ್ರೆ 1,138 ವರ್ಷ ಒಂದು ಪೀರಿಯಡಿನಲ್ಲಿ ಹಾರಿದ ಹಾಗೆ. 40 ಜನರ ಕ್ಲಾಸಲ್ಲಿ ಮೇಷ್ಟ್ರಿಗೆ ಸಮಯ ಸಿಗುದಿಲ್ಲ, ಒಪ್ಪಿದೆ. ಆದ್ರೆ ನಮ್ಮ ಹತ್ರ ಉಂಟು. ಸಂಜೆ ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಕೊಡುವವರು ನಮ್ಮ ಕ್ಲಾಸಲ್ಲೇ ಎಷ್ಟು ಜನ ಇದ್ದೀರಿ, ಕೈ ಎತ್ತಿ!

ಚರಿತ್ರೆ ಹೋದ ದಾರಿಯಲ್ಲೇ ಕರ್ಕೊಂಡು ಹೋಗುವ. ಮೊದಲ ದಿನ ಸಂಖ್ಯೆ ಊಹಿಸುವ ಆಟ, ಹಿಂದಿನಿಂದ ಬರುವುದು. ಎರಡನೇ ದಿನ ಅಂದಾಜು ಹಾಕಿ ಸರಿ ಮಾಡುವುದು. ಮೂರನೇ ದಿನ ತಕ್ಕಡಿ, ಎರಡೂ ಕಡೆ ಒಂದೇ ಕೆಲಸ. ನಾಲ್ಕನೇ ದಿನ ಗೊತ್ತಿಲ್ಲದ್ದಕ್ಕೆ ಮಗುವೇ ಒಂದು ಹೆಸರು ಇಡಲಿ. 'ಎಷ್ಟೋ' ಅಂತ ಬರೆಯಲಿ, ಒಂದು ಚೌಕ ಹಾಕಲಿ, 'ಯಾ' ಅಂತಾದ್ರೂ ಬರೆಯಲಿ. ಬರೆದು ಬರೆದು ಕೈ ಸೋತ ಮೇಲೆ ಅದೇ "ಚಿಕ್ಕದಾಗಿ ಒಂದು ಅಕ್ಷರ ಸಾಕಲ್ವಾ?" ಅಂತ ಕೇಳ್ತದೆ. ಆಗ ಎಕ್ಸ್ ಕೊಡಿ. ಪಕ್ಷಾಂತರ ಅದಕ್ಕೂ ಆಮೇಲೆ. ಪ್ರತಿ ಲೆಕ್ಕ ಮುಗಿದ ಮೇಲೆ ಉತ್ತರವನ್ನು ಕಥೆಯ ಒಳಗೆ ಹಾಕಿ ತಾಳೆ ನೋಡಿಸಿ. ತಾಳೆಗರಿಯಲ್ಲಿ ಕನ್ನಡದ ಸಾಲು ಬರೆದಿಟ್ಟದ್ದು ಅದಕ್ಕೇ ಅಲ್ವಾ?

ಲೆಕ್ಕ ಬೇಡ ಅಂತ ಕಾಮರ್ಸ್ ತಗೊಂಡವರಿಗೆ ಒಂದು ಮಾತು. ತಿಂಗಳ ಬಾಡಿಗೆ, ಕರೆಂಟು ಸೇರಿ ಖರ್ಚು 12,000. ಒಂದು ವಸ್ತು ಮಾಡಲಿಕ್ಕೆ 30, ಮಾರುವುದು 50. ನಷ್ಟ ಆಗದೆ ಇರಲಿಕ್ಕೆ ಎಷ್ಟು ಮಾರಬೇಕು? 600. ಇದೇ ನಮ್ಮ ಬ್ರೇಕ್ ಈವನ್. ಆಸ್ತಿ ಸಮ ಹೊಣೆ ಕೂಡು ಬಂಡವಾಳ ಅನ್ನುವ ಬ್ಯಾಲೆನ್ಸ್ ಶೀಟೂ ಒಂದು ತಕ್ಕಡಿಯೇ. ಏಳನೇ ಕ್ಲಾಸಲ್ಲಿ ಬಿಟ್ಟು ಬಂದೆವು ಅಂದ್ಕೊಂಡದ್ದು ಇಲ್ಲಿ ನಮ್ಮ ಜೊತೆ ಬೆಂಚಿನಲ್ಲಿ ಕೂತಿದೆ.

'ಗಣಿತಸಾರಸಂಗ್ರಹ' ಕನ್ನಡದಲ್ಲಿ ಓದಬೇಕು ಅಂತ ಇರುವವರಿಗೆ: ಡಾ. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜ ಜೈನ ಮಠದಿಂದ ಬಂದಿದೆ. ಲೈಬ್ರರಿಯಲ್ಲಿ ಕೇಳಿ ನೋಡಿ.

ಇವತ್ತು ರಾತ್ರಿ ಊಟ ಆದ ಮೇಲೆ ಮನೆಯ ಚಿಕ್ಕವರಿಗೆ ಮಾವಿನಹಣ್ಣಿನ ಲೆಕ್ಕ ಹಾಕಿ. ಎಕ್ಸ್ ಅಂತ ಹೇಳಬೇಡಿ. ಅವರು 18 ಅಂತ ಹೇಳಿದ್ರೆ, ಯಾರಿಗೆ ಎಷ್ಟೆಷ್ಟು ಸಿಕ್ಕಿತು ಅಂತ ಕೇಳಿ. ಮುಖ ನೋಡಿ ಆಮೇಲೆ ನಂಗೆ ಮೆಸೇಜ್ ಮಾಡಿ.

#ಲೆಕ್ಕದಚರಿತ್ರೆ #ಗಣಿತಸಾರಸಂಗ್ರಹ #ಮೂಡುಬಿದಿರೆ #ಮಂಗಳೂರು #ಕನ್ನಡದಲ್ಲಿಗಣಿತ